ಎಡಕ್ಕೆ ಬಿದ್ದ ಕುಣಿಕೆ

ಕೋಳಿ ಫಾರಂನಲ್ಲಿ ಎಲ್ಲರೂ ನಮ್ಮಪ್ಪನನ್ನು ಮೂಸಣ್ಣ ಎಂದೇ ಕರೆಯುತ್ತಿದ್ದರು. ಫೀಡ್ ಇಡುವ ಗೋದಾಮು ಅವನ ವಶದಲ್ಲಿತ್ತು. ಒಂದೊಂದು ಮೂಟೆಯನ್ನೂ ಮೂಸಿ ನೋಡದೆ ಅವನು ಒಳಗೆ ಸೇರಿಸುತ್ತಿರಲಿಲ್ಲ. ನಾನು ಅಲ್ಲೇ ಪಕ್ಕದ ಕೋಣೆಯಲ್ಲಿ ಮೊಟ್ಟೆ ವಿಂಗಡಿಸುತ್ತಿದ್ದೆ. "ನಿಮ್ಮಪ್ಪನಿಗೆ ಎಲ್ಲದರಲ್ಲೂ ಮೂಗು ತೂರಿಸೋದೇ ಕೆಲಸ" ಎಂದು ಜೊತೆಯ ಹೆಂಗಸರು ನನ್ನನ್ನು ಕಾಡಿಸುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ನಮ್ಮದು ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರು. ಇಂಥ ಕಡೆ ಫೀಡ್ ಕಾಯುವುದೆಂದರೆ ಹುಡುಗಾಟವಲ್ಲ. ತೇವ ತಗುಲಿದರೆ ನಾಲ್ಕೇ ದಿನದಲ್ಲಿ ಬೂಷ್ಟು, ಬೂಷ್ಟು ಬಂದರೆ ವಿಷ. ಆದ್ದರಿಂದ ಮೂಟೆಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಇರಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು. ಕಿಟಕಿಯ ಹತ್ತಿರ ಅಪ್ಪ ಒಂದು ಬಸಿಯಲ್ಲಿ ಉಪ್ಪು ಇಟ್ಟಿರುತ್ತಿದ್ದ. ಉಪ್ಪು ಪುಡಿಪುಡಿಯಾಗಿದ್ದರೆ ಕಿಟಕಿ ತೆಗೆಯಬಹುದು, ನೀರೊಡೆದಿದ್ದರೆ ಯಾರೇ ಬಂದು ಹೇಳಿದರೂ ತೆಗೆಯುವಂತಿಲ್ಲ. ಮಾಲೀಕರು ಕೂಡ ಬಾಗಿಲಿಗೆ ಬಂದರೆ ಮೊದಲು ಬಸಿಯ ಕಡೆ ನೋಡುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಅಪ್ಪನ ಗಂಟು. ಮೂಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿ, ಬಿಸಿ ತಾಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಸಣಬಿನ ಹುರಿಯಿಂದ ಬಾಯಿ ಕಟ್ಟಿ ಒಂದು ಕುಣಿಕೆ ಇಳಿಬಿಡುತ್ತಿದ್ದ. ಕುಣಿಕೆ ಇದ್ದ ಮೂಟೆಯನ್ನು ಹೆಂಗಸರು ಕಣ್ಣುಮುಚ್ಚಿ ಬಿಚ್ಚಿ ಸುರಿಯುತ್ತಿದ್ದರು. ಆ ಗಂಟನ್ನು ಅಪ್ಪ ಯಾರಿಗೂ ಕಲಿಸಿರಲಿಲ್ಲ. ಅಮ್ಮನೊಬ್ಬಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ತಮಾಷೆಗೆಂದು ಕಲಿಸಿದ್ದನಂತೆ. ಮನೆಯ ಅಕ್ಕಿ ಚೀಲದ ಬಾಯಿಗೆ ಅವಳು ಕಟ್ಟುತ್ತಿದ್ದದ್ದು ಅದೇ ಗಂಟು. ಆದರೆ ಅವಳು ಎಡಚಿ. ಅಪ್ಪನ ಕುಣಿಕೆ ಬಲಕ್ಕೆ ಬಿದ್ದರೆ ಅವಳದು ಎಡಕ್ಕೆ ಬೀಳುತ್ತಿತ್ತು. "ನಿನ್ನ ಗಂಟು ನನ್ನ ಕಡೆ ಬೆನ್ನು ತಿರುಗಿಸ್ಕೊಂಡಿರುತ್ತೆ ನೋಡು" ಎಂದು ಅಪ್ಪ ನಗುತ್ತಿದ್ದ.

ಹೋದ ವರ್ಷ ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಒಂಬತ್ತು ದಿನ ರಜೆ. ಹೋಗುವ ಮೊದಲು ನಲವತ್ತು ಮೂಟೆ ಪರೀಕ್ಷಿಸಿ, ಕಟ್ಟಿ, ಗೋದಾಮಿನ ಬೀಗದ ಕೈಯನ್ನು ನಮ್ಮ ಸೋದರಮಾವನಿಗೆ ಕೊಟ್ಟ. ಮಾವ ಅಮ್ಮನ ಒಬ್ಬನೇ ತಮ್ಮ. ಯಾವ ಕೆಲಸದಲ್ಲೂ ಆರು ತಿಂಗಳು ನಿಂತ ಆಸಾಮಿಯಲ್ಲ. ಮಾಲೀಕರ ಕೈಕಾಲು ಹಿಡಿದು ಅವನನ್ನು ಅಲ್ಲಿ ಸೇರಿಸಿದ್ದೂ ಅಪ್ಪನೇ.

ಅಪ್ಪ ಮರಳಿ ಬರುವ ಹೊತ್ತಿಗೆ ಎರಡು ಶೆಡ್ಡಿನ ಕೋಳಿಗಳು ಮೊಟ್ಟೆ ಇಡುವುದು ನಿಂತಿತ್ತು. ಆಮೇಲೆ ಸಾಯತೊಡಗಿದವು. ನಾನು ವಿಂಗಡಿಸುವ ಮೇಜು ಬೆಳಿಗ್ಗೆ ಹತ್ತಕ್ಕೇ ಖಾಲಿಯಾಗುತ್ತಿತ್ತು. ಫೀಡ್ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಬೂಷ್ಟಿನ ವಿಷ ಎಂದು ಬಂತು. ಮಾಲೀಕರು ಎಲ್ಲರನ್ನೂ ಗೋದಾಮಿಗೆ ಕರೆಸಿ, ಉಳಿದಿದ್ದ ಮೂಟೆಗಳಲ್ಲಿ ಒಂದನ್ನು ಎಳೆದು ಅಪ್ಪನ ಮುಂದೆ ಹಾಕಿದರು.

"ಮೂಸಣ್ಣ, ಈ ಗಂಟು ಯಾರ್ದು?"

ಅಪ್ಪ ಹಸಿರು ಪಟ್ಟಿ ಕಟ್ಟಿದ ಕಣ್ಣನ್ನು ಬಿಟ್ಟು ಇನ್ನೊಂದು ಕಣ್ಣಿನಿಂದ ಬಗ್ಗಿ ನೋಡಿದ. ಕುಣಿಕೆಯನ್ನು ಬೆರಳಿನಿಂದ ಮುಟ್ಟಿದ. ನಾನೂ ನೋಡಿದೆ. ಕುಣಿಕೆ ಎಡಕ್ಕೆ ಬಿದ್ದಿತ್ತು.

ಅದು ಅಮ್ಮನ ಗಂಟು. ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಫಾರಂನ ವಾರದ ರಜೆಯ ದಿನ, ಅಮ್ಮ ತಮ್ಮನಿಗೆ ಊಟ ಕೊಟ್ಟು ಬರುತ್ತೇನೆಂದು ಹೊರಟವಳು ಸಂಜೆಗೇ ಮರಳಿದ್ದು. ಬಂದವಳೇ ತಲೆಗೆ ನೀರು ಹಾಕಿಕೊಂಡಿದ್ದಳು. ಆದರೂ ಉಗುರಿನ ಸಂದಿಯಲ್ಲಿ ಹಳದಿ ಹಿಟ್ಟು ಉಳಿದಿತ್ತು. ನಡೆದದ್ದು ಆಮೇಲೆ ಅಮ್ಮನ ಬಾಯಿಂದಲೇ ತಿಳಿಯಿತು: ಮಾವ ಮಧ್ಯಾಹ್ನ ಸೆಕೆಯೆಂದು ಕಿಟಕಿ ತೆಗೆದು ನಿದ್ದೆ ಹೊಡೆದಿದ್ದಾನೆ, ಮಳೆ ಒಳಗೆ ಹೊಡೆದಿದೆ, ಇಪ್ಪತ್ತು ಮೂಟೆ ನೆಂದು ಮುಗ್ಗಿವೆ. ಅದನ್ನು ಆ ದಿನ ಅಪರೂಪಕ್ಕೆ ಬಿದ್ದ ಬಿಸಿಲಿಗೆ ಹರಡಿ, ವಾಸನೆ ಹೋಗುವಷ್ಟು ಒಣಗಿಸಿ, ಮತ್ತೆ ತುಂಬಿದ್ದಾರೆ. ಬಿಸಿಲಿಗೆ ವಾಸನೆ ಹೋಗುತ್ತದೆ, ವಿಷ ಹೋಗುವುದಿಲ್ಲ. ಇದನ್ನು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ, ಅಮ್ಮ ಹೂಂಗುಟ್ಟುತ್ತಿದ್ದಳು. ಕೇಳಿಸಿಕೊಂಡಿರಲೇ ಇಲ್ಲವೋ, ಕೇಳಿಯೂ ಕಟ್ಟಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಾವ ಹಲಗೆಯ ಪಕ್ಕದಲ್ಲೇ ನಿಂತಿದ್ದ. ಬಸಿಯಲ್ಲಿ ಉಪ್ಪು ಕರಗಿ ನೀರಾಗಿತ್ತು. ಅಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು, ಕುಣಿಕೆ ಯಾವ ಕಡೆಗಿದೆ ನೋಡಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಪ್ಪ ತಿರುಗಿ ನನ್ನನ್ನು ನೋಡಿದ.

"ನಂದೇ ಯಜಮಾನ್ರೇ" ಎಂದ.

"ಇಷ್ಟು ವರ್ಷದಲ್ಲಿ ನಿನ್ನ ಗಂಟು ನಾನು ಒಂದು ಸಲಾನೂ ಅನುಮಾನಿಸ್ಲಿಲ್ಲ" ಎಂದರು ಮಾಲೀಕರು. ಅವರು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾಳೆಯಿಂದ ಬರಬೇಡ ಎಂದು ಅವರು ಹೇಳುವ ಮೊದಲೇ ಅಪ್ಪ ಚಪ್ಪಲಿ ಮೆಟ್ಟಿಕೊಂಡಿದ್ದ.

ಮನೆಗೆ ಬಂದೊಡನೆ ನಾನು ಅಮ್ಮನ ಮೇಲೆ ಹರಿಹಾಯ್ದೆ. ಅವಳು ಸುಳ್ಳು ಹೇಳಲಿಲ್ಲ. "ನಿಮ್ಮಪ್ಪನಿಗೆ ಹೆಸರಿದೆ ಕಣೇ, ಒಂದು ಸಲ ಬೈಸ್ಕೊಂಡ್ರೆ ತಡ್ಕೋತಾರೆ ಅಂದ್ಕೊಂಡೆ. ನನ್ನ ತಮ್ಮನಿಗೆ ಏನಿದೆ?" ಎಂದಳು.

"ಅಪ್ಪನಿಗೆ ಇದ್ದದ್ದು ಅದೊಂದೇ ಅಮ್ಮ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆ ಮನೆಗೆ ಹೋದಳು. ಅವಳ ಅಳು ನೋಡಿ ನನಗೆ ಕನಿಕರ ಬರಲಿಲ್ಲ, ಮೈ ಉರಿಯಿತು. ಹೊರಗಿನವರು ಮಾಡಿದ್ದರೆ ಜಗಳವಾಡಬಹುದಿತ್ತು.

ಅಪ್ಪ ಕೈಕಾಲು ತೊಳೆದು ಎಂದಿನ ಜಾಗದಲ್ಲಿ ಕೂತ. ಜಗತ್ತಿನ ಮೂಟೆಯನ್ನೆಲ್ಲ ಮೂಸಿದವನು ಮನೆಯಲ್ಲಿ ಮಾತ್ರ ಯಾವತ್ತೂ ಏನನ್ನೂ ಮೂಸಿದವನಲ್ಲ. ಉಪ್ಪಿಲ್ಲದಿರಲಿ, ಸೀದಿರಲಿ, ಹಾಕಿದ್ದನ್ನು ತಲೆ ಬಗ್ಗಿಸಿ ಉಂಡು ಏಳುತ್ತಿದ್ದ. ಅಮ್ಮ ಬಡಿಸಿ ಎದುರಿಗೆ ನಿಂತಳು.

ಅಪ್ಪ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೂಗಿನ ಹತ್ತಿರ ತಂದು ಮೂಸಿ ನೋಡಿದ. ಆಮೇಲೆ ಕೆಳಗಿಟ್ಟು ಊಟ ಮಾಡಿದ.