ಗಂಡಸರ ವೃತ್ತದಲ್ಲಿ ಅಕ್ಕನ ಮಾತು

ದುಬೈಯಲ್ಲಿರುವ ನಮ್ಮ ಮಾರ್ಮನ್ ಪಂಥದ ಕ್ರೈಸ್ತ ಸಭೆಯಲ್ಲಿ ಕೂಸಿಗೆ ಹೆಸರಿಟ್ಟು ಆಶೀರ್ವದಿಸುವವರು ಗಂಡಸರು. ಯಾಜಕತ್ವ, ಎಂದರೆ ಗಂಡಸರಿಗಷ್ಟೇ ಕೊಡುವ ಪೌರೋಹಿತ್ಯದ ಅಧಿಕಾರ, ಪಡೆದ ನಾಲ್ಕೈದು ಮಂದಿ ವೃತ್ತವಾಗಿ ನಿಂತು, ಒಂದು ಕೈಯನ್ನು ಮಗುವಿನ ಕೆಳಗೆ, ಇನ್ನೊಂದನ್ನು ಪಕ್ಕದವನ ಹೆಗಲ ಮೇಲೆ ಇಡುತ್ತಾರೆ. ಹೆತ್ತವಳು ಕುರ್ಚಿಯಲ್ಲಿ ಕುಳಿತು ನೋಡುತ್ತಾಳೆ. ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿರುವ ಭಾವ ಕ್ಯಾಥೊಲಿಕರಾಗಿಯೇ ಉಳಿದಿದ್ದರಿಂದ, ಅಕ್ಕನ ಮಗಳನ್ನು ಆಶೀರ್ವದಿಸುವ ಅಧಿಕಾರ ನಮ್ಮ ಮನೆಯಲ್ಲಿ ಇದ್ದದ್ದು ನನಗೊಬ್ಬನಿಗೆ. ಪ್ರಾರ್ಥನೆಯ ನಡುವೆ ಮುಂದಿನ ಸಾಲಿನವರ ಕೆಮ್ಮನ್ನು ಅನುಕರಿಸಿ ನಗಿಸುವ ನನಗೆ. ವರ್ಷಗಳಿಂದ ಸಭೆಯ ಹೆಂಗಸರ ತರಗತಿಯಲ್ಲಿ ಪಾಠ ಮಾಡುತ್ತಿರುವ ಅಕ್ಕನಿಗಲ್ಲ.

ವೃತ್ತದೊಳಗೆ ಮಗುವನ್ನು ತಾನು ಎತ್ತಿಕೊಂಡು ನಿಲ್ಲಬಹುದೇ ಎಂದಷ್ಟೇ ಅವಳು ಬಿಷಪರನ್ನು ಕೇಳಿದ್ದಳು. ನಮ್ಮಲ್ಲಿ ಬಿಷಪರೆಂದರೆ ವಾರವೆಲ್ಲ ಸಿಲಿಕಾನ್ ಓಯಸಿಸ್‌ನ ಆಫೀಸಿಗೆ ಹೋಗಿಬರುವ ಸಂಸಾರಸ್ಥರು. ಬಹಳ ಮೃದುವಾಗಿ ಆಗುವುದಿಲ್ಲವೆಂದರಂತೆ. ಆ ಸಂಜೆ ಕರಾಮದ ನಮ್ಮ ಅಡುಗೆಮನೆಯಲ್ಲಿ ನಾನು ಅವರ ಹಾಗೆಯೇ ತಲೆ ಓರೆಮಾಡಿ, ಎದೆಗೆ ಕೈಯಿಟ್ಟು, "ಸಹೋದರಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂದೆ. ಸಭೆಯ ಗೆಳತಿ, ಮಂಗಳೂರಿನಲ್ಲಿ ಓದಿದ ಮಲಯಾಳಿ ನರ್ಸ್, ಕುಡಿಯುತ್ತಿದ್ದ ಜೀರಿಗೆ ಕಷಾಯ ನೆತ್ತಿಗೇರುವಷ್ಟು ನಕ್ಕಳು. ಚಹಾ ನಮಗೆ ನಿಷಿದ್ಧ. ಅಕ್ಕ ನಗಲಿಲ್ಲ.

"ನನಗೆ ಆ ವೃತ್ತ ಬೇಡ ಮಾರಾಯ್ತಿ, ಆಸ್ಪತ್ರೆಯ ಡ್ಯೂಟಿಯೇ ಸಾಕಾಗಿದೆ" ಎಂದಳು ನರ್ಸ್. "ಎಲ್ಲಿ ಕೂತರೂ ದೇವರಿಗೆ ಕಾಣುವುದಿಲ್ವಾ?"

"ದೇವರ ಮೇಲೆ ನಂಗೆ ದೂರಿಲ್ಲ" ಎಂದಳು ಅಕ್ಕ. "ಹೆತ್ತದ್ದು ನಾನು. ಕೂತು ನೋಡ್ಲಿಕ್ಕೆ ನಾನೆಂತ ನೆಂಟಳಾ?"

"ಹಾಗಾದ್ರೆ ಬಿಟ್ಟುಬಿಡು ಸಭೆಯನ್ನು" ಎಂದೆ.

"ಬಿಟ್ಟು ಎಲ್ಲಿಗೆ ಹೋಗುವುದು? ನನ್ನ ನಂಬಿಕೆ ಅಲ್ಲೇ ಉಂಟಲ್ಲ ಕೋತಿ." ಖಾಲಿ ಲೋಟಗಳನ್ನು ಸಿಂಕಿಗೆ ಇಡುತ್ತಾ ಹೇಳಿದಳು, "ನೀನು ಕನ್ನಡದಲ್ಲೇ ಆಶೀರ್ವದಿಸು. ನಾನು ಹೇಳಿಕೊಟ್ಟದ್ದನ್ನು."

ಭಾನುವಾರ ನರ್ಸ್‌ಗೆ ಡ್ಯೂಟಿ ಇತ್ತು; ಆ ದಿನ ಸಭೆಯಲ್ಲಿ ಕನ್ನಡ ಬಲ್ಲವರು ಅಕ್ಕ ಮತ್ತು ನಾನು ಇಬ್ಬರೇ. ಮಗುವಿಗೆ ಹೆಸರಿಟ್ಟು, ಆರೋಗ್ಯ ಬೇಡಿ, ಒಳ್ಳೆಯ ಬುದ್ಧಿ ಬೇಡಿ, ಕೊನೆಗೆ ಅಕ್ಕ ಬಾಯಿಪಾಠ ಮಾಡಿಸಿದ ಮಾತನ್ನು ಅಕ್ಷರ ತಪ್ಪದೆ ಹೇಳಿದೆ: "ಇವಳು ತಾಯಿಯಾದ ದಿನ ತನ್ನ ಮಗುವನ್ನು ತಾನೇ ಎತ್ತಿಕೊಂಡು ಈ ವೃತ್ತದಲ್ಲಿ ನಿಂತು ಆಶೀರ್ವದಿಸಲಿ." ಗಂಡಸರೆಲ್ಲ ಒಕ್ಕೊರಲಿನಿಂದ ಆಮೆನ್ ಎಂದರು.

"ನೋಡಿದ್ಯಾ, ಎಲ್ಲರೂ ಒಪ್ಪಿಬಿಟ್ರು. ಖಲಾಸ್" ಎಂದು ಹೊರಗೆ ಬಂದವನೇ ಅವಳ ಕಿವಿಯಲ್ಲಿ ಹೇಳಿದೆ.

"ಅರ್ಥ ಆಗಿದ್ರೆ ಆಮೆನ್ ಹೇಳ್ತಿದ್ರಾ?" ಎಂದಳು.

ಅಷ್ಟರಲ್ಲಿ ಬಿಷಪರು ಬಂದರು. ನನ್ನ ಕೈ ಕುಲುಕಿ, ಅಕ್ಕನ ಕಡೆ ತಿರುಗಿ, ತಮ್ಮ ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಇವನು ಏನು ಬೇಡಿಕೊಂಡ ಎಂದು ಕೇಳಿದರು. ನಾನು ಅವಳ ಮುಖ ನೋಡಿದೆ. ಅವಳು ಮಗುವಿನ ಟೋಪಿ ಸರಿಮಾಡಿದಳು.

"ಆರೋಗ್ಯ, ಒಳ್ಳೆಯ ಬುದ್ಧಿ" ಎಂದಳು.

ಮನೆಗೆ ಮರಳಲು ಮೆಟ್ರೋ ಹತ್ತಿದೆವು.

"ಹೇಳಬಹುದಿತ್ತಲ್ಲ ಅಕ್ಕ."

"ಹೇಳಿದ ಮೇಲೆ ಪಾಠ ಮಾಡ್ಲಿಕ್ಕೆ ಬಿಡ್ತಾರಾ ಇಲ್ವಾ, ಯಾರಿಗೆ ಗೊತ್ತು? ನಂಗೆ ಅಲ್ಲಿ ಇರುವುದು ಅದೊಂದೇ." ನಿದ್ದೆಹೋಗಿದ್ದ ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ಊರಿಂದ ಅಮ್ಮ ಫೋನ್ ಮಾಡಿ ಕೇಳಿದ್ರೂ ನೀನು ಅಷ್ಟೇ ಹೇಳು, ಆರೋಗ್ಯ, ಒಳ್ಳೆಯ ಬುದ್ಧಿ ಅಂತ."