ಸುರಪುರದ ಇಳಿಜಾರಿನಲ್ಲಿ ನಿಂತ ಕಾರು

ಆ ಸಾಹುಕಾರನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವನು ಸತ್ತು ಎಷ್ಟೋ ವರ್ಷವಾಯಿತು, ಆದರೂ ಇಲ್ಲ. ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ತಾನಾಗಿ ಇಳಿಯುವುದಕ್ಕೆ ಅದೇನು ಜ್ವರವೇ?

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಸುರಪುರದಲ್ಲಿ ಶೇಂಗಾ, ಹತ್ತಿ ವ್ಯಾಪಾರ ಮಾಡುತ್ತಿದ್ದ ಈ ಸಾಹುಕಾರನ ಕಾರಿಗೆ ನಾನು ಡ್ರೈವರ್. ದೇವಾಪುರದ ಮನೆಯಲ್ಲಿ ಇದ್ದದ್ದು ನಾನು ಮತ್ತು ನಮ್ಮವ್ವ, ಇಬ್ಬರೇ. ಕಾರಿಗೆ ಇದ್ದದ್ದು ಸರಳಿನ ಬ್ರೇಕು. ಪೆಡಲು ತುಳಿದರೆ ಕಬ್ಬಿಣದ ಸರಳುಗಳು ಎಳೆದು ಗಾಲಿ ಹಿಡಿಯಬೇಕು. ಹಿಡಿದರೆ ನಮ್ಮ ಪುಣ್ಯ.

ಸುರಪುರ ಗುಡ್ಡದ ಊರು. ಪೇಟೆಗೆ ಇಳಿಯುವ ದಾರಿಯಲ್ಲಿ ಮೋಟಾರಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಬೇಕು, ಕುಳಿತವರೆಲ್ಲ ಇಳಿದು ನಡೆಯಬೇಕು. ಡ್ರೈವರ್ ಒಬ್ಬನೇ ಗಾಡಿ ಇಳಿಸಬೇಕು. ಪಕ್ಕದಲ್ಲಿ ಒಬ್ಬ ಆಳು ಕಲ್ಲು ಹೊತ್ತು ಓಡುತ್ತ ಬರಬೇಕು, ಗಾಡಿ ಕೈಮೀರಿದರೆ ಗಾಲಿಯ ಮುಂದೆ ಆ ಕಲ್ಲು ಒಗೆಯಬೇಕು. ಸಾಹುಕಾರ ಇರಲಿ, ಅವನ ಬೀಗರಿರಲಿ, ಅಲ್ಲಿ ಎಲ್ಲರೂ ಧೋತರ ಎತ್ತಿಕೊಂಡು ನಡೆಯುವವರೇ.

ನಮ್ಮ ಕಾರಿನ ಸರಳು ಸವೆದಿದೆ ಎಂದು ನಾನು ಮೂರು ಸಲ ಹೇಳಿದ್ದೆ. ಮೂರನೆಯ ಸಲ ಅವನು ನಕ್ಕ.

"ಗಾಡಿ ಓಡಾಕ ತಗೊಂಡೀನಿ, ನಿಂದ್ರಾಕ ಅಲ್ಲ. ಸುಮ್ನ ಹೊಡಿ."

ಆ ದಿನ ಅವನು ಬೀಗರ ಮನೆಯಿಂದ ಎರಡು ಬುಟ್ಟಿ ಮಾವಿನಹಣ್ಣು ತರುತ್ತಿದ್ದ. ಬುಟ್ಟಿಗೆ ಜಾಗ ಸಾಲದೆಂದು ಫುಟ್‌ಬೋರ್ಡಿನ ಮೇಲೆ ಇಡುತ್ತಿದ್ದ, ಗಾಲಿಗೆ ಒಗೆಯುವ ಕಲ್ಲನ್ನು ಅಲ್ಲೇ ಇಳಿಸಿ ಬಂದಿದ್ದ. ಇಳಿಜಾರಿನ ನೆತ್ತಿಯಲ್ಲಿ ಎಲ್ಲರೂ ಇಳಿದರು, ನಾನೊಬ್ಬನೇ ಹೊರಟೆ. ಅರ್ಧ ದಾರಿಯಲ್ಲಿ ಸರಳು ಕಡಿಯಿತು. ಪೆಡಲು ಸತ್ತ ಹಾವಿನಂತೆ ಕಾಲಡಿ ಬಿತ್ತು. ದಾರಿಯಲ್ಲಿ ಜನರಿದ್ದರು. ಗಾಡಿಯನ್ನು ಬೇವಿನ ಕಟ್ಟೆಗೆ ತಿರುಗಿಸಿದೆ. ಯಾರಿಗೂ ಏನೂ ಆಗಲಿಲ್ಲ. ನನ್ನ ಎಡಗೈಯ ಎರಡು ಬೆರಳು ಮುರಿದವು, ಮಾವಿನಹಣ್ಣು ಪೇಟೆಯ ತುಂಬ ಉರುಳಾಡಿದವು.

ಸಾಹುಕಾರ ಮೇಲಿನಿಂದ ಏದುಸಿರು ಬಿಡುತ್ತ ಬಂದ. ಮೊದಲು ಹಣ್ಣು ನೋಡಿದ, ಆಮೇಲೆ ಕಾರು ನೋಡಿದ. ಆಮೇಲೆ ಸುತ್ತ ನೆರೆದ ಜನರನ್ನು ನೋಡಿ ಗಟ್ಟಿಯಾಗಿ ಹೇಳಿದ.

"ಕುಡದಾನ್ರಿ ಮಗ. ಸಿಂದಿ ಕುಡದು ಗಾಡಿ ಹೊಡದಾನ."

ಸಿಂದಿ ಹೇಗಿರುತ್ತದೆಂದು ನನಗೆ ನಾಲಿಗೆಯಿಂದ ಗೊತ್ತಿರಲಿಲ್ಲ. ಆದರೆ ಪಂಚನಾಮೆ ಬರೆದದ್ದು ಉರ್ದುವಿನಲ್ಲಿ, ಬರೆಸಿದ್ದು ಅವನು. ಓದಲು ಬಾರದ ನಾನು ಹೆಬ್ಬೆಟ್ಟು ಒತ್ತಿದೆ. ಲೈಸೆನ್ಸು ಹೋಯಿತು, ಕೆಲಸ ಹೋಯಿತು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆ ಸಂಜೆ ಮನೆಗೆ ಹೋದಾಗ ಅವ್ವ ಬೆರಳಿಗೆ ಅರಿಶಿನ ಕಟ್ಟುವ ನೆವದಲ್ಲಿ ಹತ್ತಿರ ಬಂದಳು. ಅರಿಶಿನ ಕಟ್ಟುತ್ತ ಕಟ್ಟುತ್ತ ಮುಖ ನನ್ನ ಬಾಯಿಯ ಹತ್ತಿರ ತಂದು, ಒಂದು ಸಲ, ಮೆಲ್ಲಗೆ ಮೂಸಿದಳು. ನನ್ನ ಹೆತ್ತ ತಾಯಿಗೆ ನನ್ನ ಬಾಯಿ ಮೂಸಿ ನೋಡುವ ಗತಿ ತಂದವನು ಅವನು. ಅವನು ಹೇಳಿದ ಸುಳ್ಳನ್ನು ಅವನ ಬಾಯಿಯಿಂದಲೇ, ಅವಳು ಕೇಳುವ ಹಾಗೆ, ವಾಪಸ್ ತೆಗೆಸಬೇಕೆಂದು ನಾನು ಅಂದೇ ನಿಶ್ಚಯಿಸಿದೆ. ಅದೊಂದು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ.

ಅವ್ವ ಅದೇ ಇಳಿಜಾರಿನ ಕೆಳಗೆ, ಬೇವಿನ ಕಟ್ಟೆಯ ಪಕ್ಕ, ಪುಂಡಿಪಲ್ಯದ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಮಾರಲು ಕೂರತೊಡಗಿದಳು. 'ಕುಡುಕನ ಅವ್ವ' ಎಂದೇ ಜನ ಗುರುತು ಹೇಳುತ್ತಿದ್ದರು. ನಾನು ಯಾದಗಿರಿಗೆ ಹೋಗಿ, ಸ್ಟೇಷನ್ನಿನ ಹತ್ತಿರ ಮೋಟಾರು ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ ಉಸ್ತಾದನ ಕೈಕೆಳಗೆ ಸೇರಿದೆ. ಐದು ವರ್ಷ ಬೇರೇನೂ ಕಲಿಯಲಿಲ್ಲ, ಬ್ರೇಕು ಕಲಿತೆ. ಯಾರಾದರೂ ಇಂಜಿನ್ ಬಗ್ಗೆ ಕೇಳಿದರೆ ಉಸ್ತಾದನ ಕಡೆ ಕೈ ತೋರಿಸುತ್ತಿದ್ದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸುರಪುರಕ್ಕೆ ಒಬ್ಬ ಅಧಿಕಾರಿ ಹೊಸ ಕಾರು ತಂದರು. ಅದಕ್ಕೆ ಎಣ್ಣೆಯ ಬ್ರೇಕು. ಅಂದರೆ ಪೆಡಲು ತುಳಿದಾಗ ಕೊಳವೆಯೊಳಗಿನ ಎಣ್ಣೆ ನಾಲ್ಕೂ ಗಾಲಿಯನ್ನು ಒಂದೇ ಸಲ ಹಿಡಿಯುತ್ತದೆ. ಅವರು ಇಳಿಜಾರಿನ ನೆತ್ತಿಯಲ್ಲಿ ಇಳಿಯಲೇ ಇಲ್ಲ. ಕುಳಿತೇ ಬಂದರು. ಅದೇ ಹೊತ್ತಿಗೆ ನಮ್ಮ ಸಾಹುಕಾರ ಧೋತರ ಎತ್ತಿಕೊಂಡು ತನ್ನ ಕಾರಿನ ಹಿಂದೆ ನಡೆದು ಬರುತ್ತಿದ್ದನಂತೆ. ಪೇಟೆಯೆಲ್ಲ ನೋಡಿತಂತೆ. ಮರುವಾರವೇ ಉಸ್ತಾದನಿಗೆ ಹೇಳಿಕಳಿಸಿದ: ಎಷ್ಟೇ ಆಗಲಿ, ನನ್ನ ಕಾರಿಗೂ ಎಣ್ಣೆಯ ಬ್ರೇಕು ಬೇಕು.

ಜೀವ ಉಳಿಯಲೆಂದು ಮಾಡಿಸದವನು ಜಂಬಕ್ಕಾಗಿ ಮಾಡಿಸಲು ಹೊರಟಿದ್ದ. ನಾನೇ ಹೋಗುತ್ತೇನೆಂದೆ. ಉಸ್ತಾದನಿಗೆ ನನ್ನ ಕಥೆ ಗೊತ್ತಿತ್ತು.

"ಗುಸ್ಸಾ ಮನಷಾನ ಮ್ಯಾಲ ಇರ್ಲಿ ಬೇಟಾ, ಗಾಡಿ ಮ್ಯಾಲ ಬ್ಯಾಡ. ಒಂದು ನಟ್ ಸಡ್ಲ ಬಿಟ್ಟಿ ಅಂದ್ರ ನನ್ನ ಅಂಗಡಿ ಮೆಟ್ಲ ಹತ್ತಬ್ಯಾಡ."

ಶಹಾಪುರದ ಹತ್ತಿರ ಸಾಹುಕಾರನ ಕಾರಿನ ಕಂಪನಿಯದೇ ಒಂದು ಹೊಸ ಕಾರು, ಎಣ್ಣೆಯ ಬ್ರೇಕಿನದು, ಪಲ್ಟಿಯಾಗಿ ಬಿದ್ದಿತ್ತು. ಅದರ ನಾಲ್ಕು ಡ್ರಮ್ಮು, ಒಳಗಿನ ಪಟ್ಟಿ, ಪೆಡಲಿನ ಕೆಳಗಿನ ಸಿಲಿಂಡರು, ತಾಮ್ರದ ಕೊಳವೆ ಎಲ್ಲ ಬಿಚ್ಚಿಕೊಂಡು ಎತ್ತಿನ ಗಾಡಿಯಲ್ಲಿ ಸುರಪುರಕ್ಕೆ ಹೋದೆ. ಸಾಹುಕಾರ ಅಂಗಳದಲ್ಲಿ ನಿಂತಿದ್ದ.

"ನೀನಾ? ಕುಡಿಯೂದು ಬಿಟ್ಟಿಯೇನೋ ಈಗರ?" ಎಂದು ಹಲ್ಲು ಕಿಸಿದ.

"ಕೆಲ್ಸ ನೋಡಿ ಹೇಳ್ರಿ ಸಾವ್ಕಾರ್ರ," ಎಂದೆ.

ಆರು ದಿನ ದುಡಿದೆ. ಸಿಲಿಂಡರು ಕೂರಿಸುವ ಪಟ್ಟಿಯನ್ನು ಕಮ್ಮಾರನಿಂದ ಬಡಿಸಿದೆ. ಬ್ರೇಕಿನ ಎಣ್ಣೆ ಎಲ್ಲಿಯೂ ಸಿಗುತ್ತಿರಲಿಲ್ಲ. ಔಡಲ ಎಣ್ಣೆಗೆ, ಅಂದರೆ ಹರಳೆಣ್ಣೆಗೆ, ದವಾಖಾನೆಯ ಸ್ಪಿರಿಟ್ಟು ಬೆರೆಸುವುದನ್ನು ಉಸ್ತಾದ ಕಲಿಸಿದ್ದ. ಬೇರೆ ಎಣ್ಣೆ ಹಾಕಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಐದನೆಯ ದಿನ ಹಿಂದಿನ ಎಡಗಾಲಿಯ ಕೊಳವೆ ಬಿಗಿಯುತ್ತಿದ್ದೆ. ಪಾನಾ ಕೈಯಲ್ಲಿತ್ತು. ಅರ್ಧ ಸುತ್ತು ಬಾಕಿ ಬಿಟ್ಟರೆ ಸಾಕಿತ್ತು. ಸುಳ್ಳೇಕೆ ಹೇಳಲಿ, ಬಹಳ ಹೊತ್ತು ಅದರ ಕೆಳಗೆ ಅಂಗಾತ ಮಲಗಿದ್ದೆ. ಆಮೇಲೆ ಬಿಗಿದೆ. ದಯೆಯಿಂದಲ್ಲ. ಬ್ರೇಕು ಸೋರಿದರೆ ಮತ್ತೆ ಕುಡಿದಿದ್ದನೆಂದೇ ಹೇಳುತ್ತಾರೆ.

ಕೊಳವೆಯಲ್ಲಿ ಗಾಳಿ ಉಳಿದರೆ ಎಣ್ಣೆಯ ಬ್ರೇಕು ಹಿಡಿಯುವುದಿಲ್ಲ. ಒಬ್ಬ ಪೆಡಲು ತುಳಿಯುತ್ತಿರಬೇಕು, ಇನ್ನೊಬ್ಬ ಗಾಲಿಯ ಬಳಿ ತಿರುಪು ಸಡಿಲಿಸಿ ಗುಳ್ಳೆ ಬಿಡಿಸಬೇಕು. ಆಳುಗಳು ನಾಲ್ಕು ಜನ ಖಾಲಿ ನಿಂತಿದ್ದರು. ನಾನು ಸಾಹುಕಾರನನ್ನೇ ಕರೆದೆ.

"ಮಾಲಕರ ಪಾದನ ಬೇಕ್ರಿ ಇದಕ್ಕ. ಹೊಸಾ ಬ್ರೇಕ್ ಅವರ ಕಾಲ ಗುರ್ತ ಹಿಡೀತದ."

ಎಂಥ ಸುಳ್ಳು! ಹೆಮ್ಮೆಯಿಂದ ಬಂದು ಕುಳಿತ. "ಒತ್ರಿ," ಎಂದೆ. ಒತ್ತಿದ. "ಬಿಡ್ರಿ." ಬಿಟ್ಟ. ಗುಳ್ಳೆ ನಿಂತು ಎಷ್ಟೋ ಹೊತ್ತಾದ ಮೇಲೂ ಒತ್ತಿಸಿದೆ. ಮಟಮಟ ಮಧ್ಯಾಹ್ನ, ರುಮಾಲು ಒದ್ದೆಯಾಗಿ ಹಣೆಗೆ ಜಾರಿತ್ತು, ಕಾಲು ಗಡಗಡ ನಡುಗುತ್ತಿತ್ತು. ಗಾಲಿಯ ಹಿಂದೆ ಕುಳಿತು ನಾನು ಬೆಲ್ಲ ತಿಂದಷ್ಟು ಸುಖಪಟ್ಟೆ.

ಮರುದಿನ ಬೆಳಿಗ್ಗೆ ಮೂರು ಮೂಟೆ ಜೋಳ ಹೇರಿಕೊಂಡು ಇಳಿಜಾರಿನಲ್ಲಿ ನಾಲ್ಕು ಸಲ ಇಳಿಸಿ ನೋಡಿದೆ. ಪೆಡಲು ಮುಟ್ಟಿದರೆ ಸಾಕು, ಗಾಡಿ ನೆಲ ಕಚ್ಚಿ ನಿಲ್ಲುತ್ತಿತ್ತು. ಸಂತೆ ತುಂಬಿದ ಹೊತ್ತಿಗೆ ಸಾಹುಕಾರ ಶೇರವಾನಿ ತೊಟ್ಟು ಬಂದು ನನ್ನ ಪಕ್ಕದಲ್ಲೇ ಕುಳಿತ. ರಿಪೇರಿ ಮಾಡಿದವನೇ ಮೊದಲ ಸಲ ಓಡಿಸಬೇಕು, ಅದು ನಮ್ಮ ಕಸುಬಿನ ರೂಢಿ. ನೆತ್ತಿಯಲ್ಲಿ ನಡೆದು ಹೋಗುವವರೆಲ್ಲ ನಿಂತು ನೋಡಿದರು. ಅವನು ಇಳಿಯಲಿಲ್ಲ.

ಗಾಡಿ ಬಿಟ್ಟೆ. ಮೊದಲು ನಕ್ಕ. ವೇಗ ಏರಿತು. ಆಗ ನನ್ನ ಕಾಲು ನೋಡಿದ. ನಾನು ಬಲಗಾಲನ್ನು ಪೆಡಲಿನಿಂದ ಎತ್ತಿ, ಅವನಿಗೆ ಕಾಣುವ ಹಾಗೆ ಹಿಡಿದಿದ್ದೆ. ಎಲ್ಲಿ ಒತ್ತಿದರೆ ಎಲ್ಲಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

"ಬ್ರೇಕ್ ಹಾಕೋ!"

"ಅವತ್ತ ನಾ ಕುಡದಿದ್ನೇನ್ರಿ ಸಾವ್ಕಾರ್ರ?"

"ಏ, ಬ್ರೇಕ್ ಹಾಕೋ!"

"ಕುಡದಿದ್ನೇನ್ರಿ?"

"ಇಲ್ಲೋ ನಮ್ಮಪ್ಪಾ! ಕುಡದಿದ್ದಿಲ್ಲ! ಬ್ರೇಕ್ ಇದ್ದಿದ್ದಿಲ್ಲ! ನೀ ಹೇಳಿದ್ದಿ, ನಾ ಮಾಡಸ್ಲಿಲ್ಲ!"

ಒತ್ತಿದೆ. ಬೇವಿನ ಕಟ್ಟೆಯಿಂದ ಎರಡು ಮಾರು ಹಿಂದೆ ಕಾರು ಗಪ್ಪನೆ ನಿಂತಿತು. ಅವನ ರುಮಾಲು ಮಾತ್ರ ನಿಲ್ಲಲಿಲ್ಲ, ಹಾರಿ ಮುಂದೆ ಬಿತ್ತು. ಅವನ ಕೂಗಿಗೆ ಸಂತೆಯ ಜನವೆಲ್ಲ ತಿರುಗಿ ನಿಂತಿದ್ದರು.

ಅವ್ವ ಪುಂಡಿಪಲ್ಯದ ಬುಟ್ಟಿಯ ಹಿಂದೆ ಕುಳಿತಿದ್ದಳು. ಎದ್ದು ನಿಲ್ಲಲಿಲ್ಲ. ನನ್ನ ಕಡೆ ನೋಡಲಿಲ್ಲ. ಅವಳ ಕಿವಿ ಎಷ್ಟು ಚುರುಕೆಂದರೆ ದೇವಾಪುರದ ಮನೆಯಲ್ಲಿ ಬೆಕ್ಕು ಗಡಿಗೆ ಮುಟ್ಟಿದರೂ ಹಿತ್ತಲಿನಿಂದ ಗದರುತ್ತಿದ್ದಳು. ಕೈಯಲ್ಲಿದ್ದ ಸೊಪ್ಪಿನ ಕಟ್ಟಿನ ಮೇಲೆ ನೀರು ಚಿಮುಕಿಸಿ, ಬುಟ್ಟಿಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಸಾಹುಕಾರನ ಕಡೆ ಮುಖ ಎತ್ತಿದಳು.

"ಇನ್ನೊಮ್ಮೆ ಹೇಳ್ರಿ ಸಾವ್ಕಾರ್ರ," ಎಂದಳು. "ನನಗ ಕೇಳಸ್ಲಿಲ್ಲ."