ಅಜ್ಜಿ ಕೆಡಿಸಿದ ರೀಲ್ಸ್

“ಕಿಟಕಿ ತೆಗೆದರೆ ಸಾಕು, ಮೋಡವೇ ಮನೆಯೊಳಗೆ!” ಎಂದು ನಾನು ಫೋನ್ ಮುಂದೆ ಹಲ್ಲು ಕಿರಿಯುತ್ತಿದ್ದೆ. ಪಕ್ಕದ ತೋಟದಲ್ಲಿ ಟೀ ಎಲೆ ಕೀಳುತ್ತಿದ್ದ ನೆರೆಮನೆಯ ಅಜ್ಜಿ ಚೀಲದ ಸಮೇತ ನೇರ ಕ್ಯಾಮೆರಾ ಮುಂದೆಯೇ ಬಂದು ನಿಂತರು. ನಾನು ಮನೆ ಬ್ರೋಕರ್. ನೀಲಗಿರಿ ಬೆಟ್ಟದ ಕೀಳ್ ಕೋತಗಿರಿಯ ಆ ಮನೆಗೆ ಬಾಡಿಗೆಯವರನ್ನು ಹುಡುಕಲು ರೀಲ್ಸ್ ಮಾಡುತ್ತಿದ್ದೆ.

“ಮೋಡ ಒಳಗೆ ಬಂದ್ರೆ ಬಟ್ಟೆ ಒಣಗುತ್ತಾ ತಂಬಿ? ಅದನ್ನೂ ಹೇಳು. ಕಾಡೆಮ್ಮೆ ಬಾಗಿಲ ತನಕ ಬರುತ್ತೆ, ಅದನ್ನೂ ಹೇಳು. ಬಟ್ಟೆ ಚಿಂತೆ ಬೇಡ, ನಮ್ಮ ಒಲೆ ಮೇಲ್ಗಡೆ ಹಗ್ಗ ಕಟ್ಟಿದೀನಿ. ಬಂದೋರು ಅಲ್ಲೇ ಒಣಗಿಸ್ಕೊಳ್ಳಲಿ ಅನ್ನು.”

ಅಜ್ಜಿಯ ಭಾಗವನ್ನು ಕತ್ತರಿಸಿ ಹಾಕಬೇಕೆಂದಿದ್ದೆ. ಬಸ್ ಹಿಡಿಯುವ ಅವಸರದಲ್ಲಿ ಕತ್ತರಿಸದ ವಿಡಿಯೊವೇ ಅಪ್‌ಲೋಡ್ ಆಗಿಬಿಟ್ಟಿತು. ಮನೆ ಮಾಲೀಕರಿಗೆ ಏನು ಹೇಳುವುದೆಂದು ಆ ಚಳಿಯಲ್ಲೂ ಬೆವರುತ್ತಿದ್ದಾಗ ಮೈಸೂರಿನಿಂದ ಫೋನ್ ಬಂತು. ಕೆಲಸಕ್ಕೆಂದು ಪುಟ್ಟ ಮಗಳೊಂದಿಗೆ ಇಲ್ಲಿಗೆ ಬರಲಿದ್ದ ತಾಯಿಯೊಬ್ಬರು. ಬಾಡಿಗೆ ಎಷ್ಟೆಂದು ಅವರು ಕೇಳಲೇ ಇಲ್ಲ.

“ಆ ಅಜ್ಜಿ ಮನೆ ಪಕ್ಕದಲ್ಲೇ ಇದೆ ತಾನೇ?” ಎಂದರು.

ಮೊನ್ನೆ ಮಳೆಯಲ್ಲಿ ಆ ಕಡೆ ಹೋಗಿದ್ದೆ. ಅಜ್ಜಿಯ ಒಲೆಯ ಮೇಲಿನ ಹಗ್ಗದಲ್ಲಿ, ಅವರ ಶಾಲಿನ ಪಕ್ಕ, ಒಂದು ಪುಟ್ಟ ಸ್ಕೂಲ್ ಯೂನಿಫಾರ್ಮ್ ಒಣಗುತ್ತಿತ್ತು.